ಕಡಲತಡಿಯಲ್ಲಿ ಮೂಸೆ ಕಟ್ಟುವಾಗ

ಇಂಡಕ್ಷನ್ ಕುಲುಮೆಯೊಳಗೆ 1600 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿ ತಳಮಳಿಸುವ ಉಕ್ಕಿಗೂ, ತನ್ನೊಡಲಲ್ಲಿ ತಣ್ಣೀರನ್ನು ಹರಿಯಿಸಿಕೊಂಡು ಅದನ್ನು ಸುತ್ತುವರಿದಿರುವ ತಾಮ್ರದ ಕಾಯಿಲಿಗೂ ನಡುವೆ ಇರುವುದು ಗೇಣಿಗಿಂತ ಕಿರಿದಾದ ಬೆಣಚುಪುಡಿಯ ಗೋಡೆಯೊಂದೇ. ಆ ಉಕ್ಕು ಆ ನೀರನ್ನು ಸೇರಿದರೆ ಸ್ಫೋಟವಾದೀತು. ಆದಕಾರಣ ಮಂಗಳೂರಿನ ಬೈಕಂಪಾಡಿಯ ಎರಕದ ಕಾರ್ಖಾನೆಯೊಂದರಲ್ಲಿ ಈ ಗೋಡೆಯನ್ನು ಕಟ್ಟುವ, ಕಾಯುವ, ಕೆಡಹುವ ಕೆಲಸದಲ್ಲಿಯೇ ನನ್ನ ದುಡಿಮೆಯ ಬಹುಭಾಗ ಸಂದಿತೆಂಬುದು ನನಗೆ ಸಮಾಧಾನದ ಸಂಗತಿಯೇ ಆಗಿದೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಮಣ್ಣನ್ನು ಸುಡುವ ವಿದ್ಯೆಯಲ್ಲಿ ಹೆಸರಾದ ಊರು ಮಂಗಳೂರು. ಆದರೆ ಹೆಂಚಿನ ಜೇಡಿಮಣ್ಣು ನೀರನ್ನು ಬೇಡುತ್ತದೆ. ಕುಲುಮೆಯ ಬೆಣಚು ಅದರ ಸೋಂಕನ್ನೂ ಸಹಿಸದು.

ಈ ಗೋಡೆಗೆ, ಅಂದರೆ ಲೈನಿಂಗಿಗೆ, ಬಳಸುವ ರ‍್ಯಾಮಿಂಗ್ ಮಾಸ್ ಎಂದರೆ, ಶೇಕಡಾ 98ಕ್ಕೂ ಮಿಗಿಲಾಗಿ ಸಿಲಿಕವೇ ತುಂಬಿರುವ ಕಲ್ಲನ್ನು ಹರಳು, ರವೆ, ಹಿಟ್ಟು ಎಂಬ ನಾನಾ ಗಾತ್ರಗಳಲ್ಲಿ ಒಡೆದು, ಶೇಕಡಾ 1ರ ಆಸುಪಾಸಿನಲ್ಲಿ ಬೋರಿಕ್ ಪುಡಿಯನ್ನು ಬೆರೆಸಿದ ಒಣ ಮಿಶ್ರಣ. ಆಟಿ ತಿಂಗಳ ಮಳೆಯಲ್ಲಿ, ಪಣಂಬೂರಿನ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಬಾಯಿ ತೆರೆದಿಟ್ಟ ಚೀಲವು ಬಲುಬೇಗ ಗಂಟುಗಟ್ಟುತ್ತದೆ. ಹಿಡಿ ಪುಡಿಯನ್ನು ಮುಷ್ಟಿಯಲ್ಲಿ ಬಿಗಿದು ಅಂಗೈ ಬಿಚ್ಚಿದಾಗ, ಒಣಗಿದ್ದು ಬೆರಳ ಸಂದಿನಿಂದ ಸುರಿದುಹೋಗುತ್ತದೆ. ತೇವಗೊಂಡದ್ದು ಬೆರಳುಗಳ ಅಚ್ಚನ್ನು ಮೈಮೇಲೆ ಉಳಿಸಿಕೊಂಡು ಮುದ್ದೆಯಾಗಿ ನಿಲ್ಲುತ್ತದೆ. ಅಂತಹ ಪುಡಿಯನ್ನು ತುಂಬಿದರೆ ಬೋರಿಕ್ ಒಂದೆಡೆ ಹೆಚ್ಚಾಗಿ ಇನ್ನೊಂದೆಡೆ ಇಲ್ಲವಾಗುವುದಲ್ಲದೆ, ಕಾಯಿಸುವಾಗ ಹೊರಟ ಹಬೆಯು ತಣ್ಣಗಿರುವ ಕಾಯಿಲಿನ ಬಳಿ ಹನಿಗಟ್ಟಿ, ವಿದ್ಯುತ್ತು ನೆಲಕ್ಕೆ ಸೋರುತ್ತಿದೆಯೆಂದು ಎಚ್ಚರಿಸುವ ಗ್ರೌಂಡ್ ಲೀಕೇಜಿನ ಗಂಟೆ ಮತ್ತೆ ಮತ್ತೆ ಬಾರಿಸತೊಡಗುತ್ತದೆ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಚೀಲಗಳನ್ನು ಜೋಡಿಸುವ ಕ್ರಮವನ್ನು ಕುಲುಮೆಯ ಶಾಸ್ತ್ರದ ಮೊದಲ ಅಧ್ಯಾಯವೆಂದೇ ನಾನು ಭಾವಿಸುತ್ತೇನೆ.

ತಳವನ್ನು ಹದಮಾಡಿ, ಫಾರ್ಮರ್ ಎಂಬ ಉಕ್ಕಿನ ತಗಡಿನ ಅಚ್ಚನ್ನು ನಡುವೆ ನಿಲ್ಲಿಸಿ, ಅದರ ಸುತ್ತ ಪುಡಿಯನ್ನು ವರಸೆವರಸೆಯಾಗಿ ಸುರಿದು, ಮುಳ್ಳುಗೋಲಿನಿಂದ ಚುಚ್ಚಿ ಗಾಳಿಯನ್ನು ಹೊರಡಿಸಿದ ಮೇಲೆ ಬರುವುದು ಬೇಯಿಸುವ ಕಾರ್ಯ. ತಾಳ್ಮೆಯ ನಿಜವಾದ ಪರೀಕ್ಷೆ ಇಲ್ಲಿಯೇ. 573 ಡಿಗ್ರಿಯಲ್ಲಿ ಬೆಣಚಿನ ಹರಳು ತನ್ನ ರಚನೆಯನ್ನು ಬದಲಿಸಿ ಥಟ್ಟನೆ ಹಿಗ್ಗುವುದರಿಂದ, ಆ ಘಟ್ಟವನ್ನು ದಾಟುವಾಗ ವಿದ್ಯುತ್ತನ್ನು ಅವಸರದಿಂದ ಏರಿಸತಕ್ಕದ್ದಲ್ಲ. ಕಡೆಗೆ 1600 ಡಿಗ್ರಿಯ ಹತ್ತಿರ ಒಂದೆರಡು ಗಂಟೆ ನಿಲ್ಲಿಸಿದಾಗ, ಉಕ್ಕಿಗೆ ತಾಗಿದ ಪದರವು ಕ್ರಿಸ್ಟೋಬಲೈಟೆಂಬ ಹರಳಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ನಡುವಿನದು ಅರೆಬೆಂದಿರುತ್ತದೆ, ಕಾಯಿಲಿನ ಬದಿಯದು ಸಡಿಲ ಪುಡಿಯಾಗಿಯೇ ಉಳಿಯುತ್ತದೆ. ಹೊಸಬರು ಈ ಸಡಿಲ ಪುಡಿಯನ್ನು ಬೇಯಿಸುವಿಕೆಯ ಲೋಪವೆಂದು ತಿಳಿಯುತ್ತಾರೆ. ವಾಸ್ತವವಾಗಿ ಉಕ್ಕಿನ ಬದಿಯ ಪದರ ಬಿರಿದು ಉಕ್ಕು ನುಸುಳಿದರೆ ಅದನ್ನು ತಡೆದು ಹೆಪ್ಪುಗಟ್ಟಿಸುವುದು ಈ ಬೇಯದ ಪುಡಿಯೇ.

ವಾರದ ರಜೆಯಲ್ಲಿ ಕುಲುಮೆ ತಣಿದಾಗ, 270 ಡಿಗ್ರಿಗಿಂತ ಕೆಳಗೆ ಕ್ರಿಸ್ಟೋಬಲೈಟ್ ಕುಗ್ಗಿ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಮತ್ತೆ ನಿಧಾನವಾಗಿ ಕಾಯಿಸಿದರೆ, ಲೋಹ ಕರಗುವ ಮುನ್ನವೇ ಅವು ಮುಚ್ಚಿಕೊಳ್ಳುತ್ತವೆ. ಸೋಮವಾರದ ಮೊದಲ ಹೀಟನ್ನು, ಅಂದರೆ ಕರಗಿಸುವ ಸರದಿಯನ್ನು, ತ್ವರೆಗೊಳಿಸುವ ಮೇಲಧಿಕಾರಿಯೊಡನೆ ಜಗಳವಾಡಲು ಇದೊಂದೇ ಕಾರಣ ಸಾಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ಗೋಡೆ ಸವೆದು ಉಕ್ಕು ಕಾಯಿಲಿಗೆ ಹತ್ತಿರವಾದಂತೆಲ್ಲ ಕುಲುಮೆಯು ಹೆಚ್ಚು ಶಕ್ತಿಯನ್ನು ಸೆಳೆದು ಬೇಗಬೇಗ ಕರಗಿಸತೊಡಗುತ್ತದೆ. ಉತ್ಪಾದನೆ ಏರಿತೆಂದು ಎಲ್ಲರೂ ಹಿಗ್ಗುವ ಆ ದಿನಗಳೇ ಅತ್ಯಂತ ಅಪಾಯದವು. ಮಾಪಕದ ಮುಳ್ಳು ಏರಿದಾಗ ನಾನು ಗಜಕಡ್ಡಿಯನ್ನು ತರಿಸಿ ಮೂಸೆಯ ಒಳವ್ಯಾಸವನ್ನು ಅಳೆಯಿಸುತ್ತಿದ್ದೆ. ತುಕ್ಕುಹಿಡಿದ ಗುಜರಿಯೂ ಮ್ಯಾಂಗನೀಸ್ ಹೆಚ್ಚಾದ ಉಕ್ಕೂ ಈ ಸವೆತವನ್ನು ತೀವ್ರಗೊಳಿಸುತ್ತವೆ. ಅವುಗಳ ಆಕ್ಸೈಡುಗಳು ಸಿಲಿಕದೊಡನೆ ಕೂಡಿ, ಸುಲಭವಾಗಿ ಕರಗುವ ಕಿಟ್ಟವಾಗಿ ಗೋಡೆಯನ್ನೇ ಕರಗಿಸಿಕೊಂಡುಹೋಗುತ್ತವೆ. ಮ್ಯಾಂಗನೀಸ್ ಉಕ್ಕಿಗೆ ಮ್ಯಾಗ್ನೆಸೈಟಿನ ಲೈನಿಂಗೇ ಸರಿ, ಬೆಲೆ ಹೆಚ್ಚಾದರೂ.

ಹಳೆಯ ಗೋಡೆಯನ್ನು ಒಡೆಯುವ ಕೆಲಸವನ್ನು ಕೀಳೆಂದೆಣಿಸಿ, ದಿನಗೂಲಿಯವರಿಗೆ ಬರಿಯ ಬೈರಾಸನ್ನು ಮೂಗಿಗೆ ಕಟ್ಟಿಸಿ ಒಪ್ಪಿಸುವುದನ್ನು ನಾನು ಕಂಡಿದ್ದೇನೆ, ವಿರೋಧಿಸಿದ್ದೇನೆ. 1948ರ ಕಾರ್ಖಾನೆಗಳ ಕಾಯಿದೆಯೇ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ, ಸಿಲಿಕದ ಧೂಳಿನಿಂದ ಬರುವ ಸಿಲಿಕೋಸಿಸನ್ನು ಹೆಸರಿಸಿತ್ತು. ಶ್ವಾಸಕೋಶಕ್ಕಿಳಿದ ಆ ಧೂಳನ್ನು ಹೊರತೆಗೆಯುವ ಔಷಧಿಯಿಲ್ಲ. ಬಟ್ಟೆಯ ನೇಯ್ಗೆ ತಡೆಯಲಾರದ ಆ ಸೂಕ್ಷ್ಮ ಧೂಳಿಗೆ ತಕ್ಕ ಶೋಧಕವುಳ್ಳ ಮುಖಕವಚವು ಗೋಡೆ ಒಡೆಯುವವನ ಕೈಸೇರುವವರೆಗೂ ಸುತ್ತಿಗೆಯನ್ನು ಎತ್ತಗೊಡಬಾರದು.