ರಾತ್ರಿ ಹಾಲು ಕಡಿಮೆ ಮಾಡುವುದು ಯಾವಾಗ, ಹೇಗೆ?

ಪ್ರಶ್ನೆ: ನನ್ನ ಮಗನಿಗೆ ಹತ್ತು ತಿಂಗಳು. ಹಗಲು ಆಟದ ಗುಂಗಿನಲ್ಲಿ ಹಾಲು ಕುಡಿಯುವುದೇ ಇಲ್ಲ. ರಾತ್ರಿ ಮಾತ್ರ ನಾಲ್ಕೈದು ಸಲ ಎದ್ದು ಅಳುತ್ತಾನೆ. ಎದೆಗೆ ಹಾಕಿಕೊಂಡರೆ ಎರಡು ನಿಮಿಷ ಚೀಪಿ ಮಲಗಿಬಿಡುತ್ತಾನೆ. ಬೆಳಿಗ್ಗೆ ಎಂಟಕ್ಕೆ ನಾನು ಕೆಲಸಕ್ಕೆ ಹೊರಡಬೇಕು. ಅತ್ತೆ ‘ಮಗುವನ್ನು ಅಳಿಸಬೇಡ, ಕೊಡು’ ಅನ್ನುತ್ತಾರೆ. ಅಕ್ಕ ‘ಒಂದು ವಾರ ಅಳಲಿ ಬಿಡು, ಸರಿಹೋಗುತ್ತೆ’ ಅನ್ನುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಹತ್ತು ತಿಂಗಳ ಆರೋಗ್ಯವಂತ ಮಗುವಿಗೆ ರಾತ್ರಿ ನಾಲ್ಕೈದು ಸಲ ಹಾಲು ಬೇಕಾಗುವುದಿಲ್ಲ. ಹಾಗೆಂದು ಒಂದೇ ರಾತ್ರಿಯಲ್ಲಿ ನಿಲ್ಲಿಸುವುದೂ ಬೇಡ. ಈ ಕೆಲಸ ಶುರುವಾಗಬೇಕಾದ್ದು ಹಗಲಿನಲ್ಲಿ.

ಮಕ್ಕಳ ನಿದ್ದೆಯ ಒಂದು ಸುತ್ತು ಸುಮಾರು ಒಂದು ಗಂಟೆಯದು. ಪ್ರತಿ ಸುತ್ತಿನ ಕೊನೆಗೆ ಮಗು ಅರೆ ಎಚ್ಚರವಾಗಿ ಮಗ್ಗುಲು ಬದಲಿಸುತ್ತದೆ. ಚೀಪುತ್ತಲೇ ನಿದ್ದೆಗೆ ಜಾರುವ ಅಭ್ಯಾಸವಾಗಿದ್ದರೆ, ಆ ಹೊತ್ತಿನಲ್ಲಿ ಎದೆಯನ್ನೇ ಹುಡುಕುತ್ತದೆ, ಸಿಗದಿದ್ದರೆ ಅಳುತ್ತದೆ. ಇದು ಹಟವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ಹಸಿವು ಯಾವುದು, ಅಭ್ಯಾಸ ಯಾವುದು ಎಂದು ಮಂದ ಬೆಳಕಿನಲ್ಲೇ ತಿಳಿಯಬಹುದು. ಹಸಿದ ಮಗು ಕುಡಿಯುವಾಗ ದವಡೆ ಕಿವಿಯ ಹತ್ತಿರದವರೆಗೂ ಆಡುತ್ತದೆ, ಒಂದೆರಡು ಚೀಪಿಗೊಮ್ಮೆ ‘ಗುಟುಕ್’ ಎಂದು ನುಂಗುವ ಸದ್ದು ಕೇಳುತ್ತದೆ. ನಿದ್ದೆಗಾಗಿ ಚೀಪುವ ಮಗುವಿನ ತುಟಿ ಮಾತ್ರ ಸಣ್ಣಗೆ ಅದುರುತ್ತದೆ, ನುಂಗುವುದು ಅಪರೂಪ, ಎರಡು ನಿಮಿಷದಲ್ಲಿ ಕೈಕಾಲು ಸಡಿಲ. ಪತ್ರದಲ್ಲಿ ಬರೆದಿರುವ ಲಕ್ಷಣ ಬಹುಮಟ್ಟಿಗೆ ಈ ಎರಡನೆಯದು.

ಆದರೂ ಹಗಲಿನ ಲೆಕ್ಕವನ್ನು ಮೊದಲು ಸರಿಮಾಡಬೇಕು. ತಾಯಿ ಕೆಲಸಕ್ಕೆ ಹೋಗುವ ಮನೆಗಳಲ್ಲಿ, ಹಗಲು ಬಿಟ್ಟ ಹಾಲನ್ನು ಮಗು ರಾತ್ರಿ ವಸೂಲಿ ಮಾಡುವುದು ಸಾಮಾನ್ಯ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರವಾಗಿದೆ. ಅದು ಮುಗಿಯುವುದೂ ಮಗುವಿಗೆ ಮೇಲಾಹಾರ ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಆರನೇ ತಿಂಗಳ ನಂತರ ರಾತ್ರಿ ಏಳುವುದು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ, ಗದ್ದಲವಿಲ್ಲದ ಕೋಣೆಯಲ್ಲಿ ಹೊಟ್ಟೆ ತುಂಬ ಹಾಲು ಕೊಡಬೇಕು. ನಡುವೆ, ಹಿಂಡಿಟ್ಟ ಎದೆಹಾಲನ್ನು ಅಜ್ಜಿ ಲೋಟ ಅಥವಾ ಚಮಚದಲ್ಲಿ ಕುಡಿಸಬಹುದು.

ಊಟದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 9ರಿಂದ 11 ತಿಂಗಳ ಮಗುವಿಗೆ ದಿನಕ್ಕೆ ಮೂರು–ನಾಲ್ಕು ಊಟ ಬೇಕು, ಪ್ರತಿ ಸಲ 250 ಮಿಲಿ ಬಟ್ಟಲಿನ ಅರ್ಧದಷ್ಟು. ನೀರುನೀರಾದ ಬೇಳೆ ಕಟ್ಟು, ತೆಳು ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ರಾಗಿ ಸರಿ ಚಮಚ ಓರೆ ಮಾಡಿದರೂ ಸುರಿಯದಷ್ಟು ಗಟ್ಟಿಯಾಗಿರಲಿ. ಅನ್ನ–ಬೇಳೆ ಹಿಸುಕಿ ಮೇಲೊಂದು ಚಮಚ ತುಪ್ಪ, ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ತರಕಾರಿ ಎಲ್ಲವೂ ಆಗುತ್ತದೆ. ರಾತ್ರಿಯ ಊಟ ಮಲಗುವುದಕ್ಕೆ ಒಂದು ಗಂಟೆ ಮುಂಚೆ ಮುಗಿಯಲಿ.

ಹಗಲು ಹೀಗೆ ಒಂದು ವಾರ ನಡೆದ ಮೇಲೆ ರಾತ್ರಿಗೆ ಕೈಹಾಕಬಹುದು. ಮಲಗುವ ಮುಂಚಿನ ಹಾಲನ್ನು ದೀಪ ಉರಿಯುತ್ತಿರುವಾಗಲೇ ಕೊಟ್ಟು, ಕಣ್ಣು ಎಳೆಯುತ್ತಿದ್ದರೂ ಇನ್ನೂ ಎಚ್ಚರವಿರುವಾಗ ಹಾಸಿಗೆಗೆ ಹಾಕಿ ತಟ್ಟಬೇಕು. ಆಮೇಲೆ ಎಲ್ಲ ಎಚ್ಚರಗಳನ್ನೂ ಒಟ್ಟಿಗೆ ಹಿಡಿಯದೆ ಒಂದನ್ನು ಆರಿಸಿಕೊಳ್ಳಬೇಕು. ಮಲಗಿ ಒಂದೆರಡು ಗಂಟೆಗೆ ಆಗುವ ಮೊದಲ ಎಚ್ಚರ ಸುಲಭ, ಆಗ ಹೊಟ್ಟೆ ತುಂಬಿರುತ್ತದೆ. ಆ ಹೊತ್ತಿಗೆ ಅಪ್ಪನೋ ಅಜ್ಜಿಯೋ ಎತ್ತಿಕೊಂಡು ಬೆನ್ನು ಸವರಿ ಜೋಗುಳ ಹಾಡಲಿ. ಹಾಲಿನ ವಾಸನೆ ಮೂಗಿಗೆ ಬಡಿಯದಿದ್ದರೆ ಮಗು ಬೇಗ ಸಮಾಧಾನವಾಗುತ್ತದೆ. ಅದು ರೂಢಿಯಾದ ಮೇಲೆ ಮುಂದಿನದು. ಹೆಚ್ಚು ಹೊತ್ತು ಕುಡಿಯುವ ಎಚ್ಚರವಿದ್ದರೆ ಪ್ರತಿ ಎರಡು ರಾತ್ರಿಗೊಮ್ಮೆ ಎರಡರಿಂದ ಐದು ನಿಮಿಷ ಕಡಿಮೆ ಮಾಡುತ್ತ ಬರಬಹುದು.

ಮಗು ಒಂದಿಷ್ಟು ಅತ್ತೇ ಅಳುತ್ತದೆ. ತೋಳಿನಲ್ಲಿದ್ದು ಅಳುವುದಕ್ಕೂ ಕತ್ತಲಲ್ಲಿ ಒಂಟಿಯಾಗಿ ಅಳುವುದಕ್ಕೂ ವ್ಯತ್ಯಾಸವಿದೆ. ಅತ್ತೆಯ ಮಾತಿನಲ್ಲಿರುವ ಕಾಳಜಿಯನ್ನೂ ಅಕ್ಕನ ಮಾತಿನಲ್ಲಿರುವ ಪಟ್ಟನ್ನೂ ಹೀಗೆ ಒಟ್ಟಿಗೆ ಇಟ್ಟುಕೊಳ್ಳಬಹುದು. ಜ್ವರ, ಭೇದಿ, ಲಸಿಕೆಯ ದಿನ, ಊರು ಬದಲಾದ ವಾರ ಇವೆಲ್ಲ ಈ ಪ್ರಯತ್ನಕ್ಕೆ ಹೊಂದುವ ಸಮಯವಲ್ಲ. ಒಂದು ವರ್ಷದವರೆಗೆ ರಾತ್ರಿ ಒಂದು ಸಲ ಕುಡಿದರೂ ಅದು ಸಹಜವೇ. 2018ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ವರ್ಷ ತುಂಬಿದ ಮಕ್ಕಳಲ್ಲಿ ಶೇ 28ರಷ್ಟು ಸತತ ಆರು ಗಂಟೆ ಮಲಗುತ್ತಿರಲಿಲ್ಲ. ಆ ಮಕ್ಕಳ ಬೆಳವಣಿಗೆಯಲ್ಲಿ ಅದರಿಂದ ಕೊರತೆಯೇನೂ ಕಂಡುಬಂದಿರಲಿಲ್ಲ.

ತಾಯಿಯ ಮೈಯನ್ನೂ ಗಮನಿಸಬೇಕು. ದಿಢೀರ್ ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಎದೆ ಕಲ್ಲಿನಂತಾಗುತ್ತದೆ. ಬಿಗಿತ ಸಡಿಲಾಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಬೇಕು. ಚಳಿ ಜ್ವರ, ಎದೆಯ ಒಂದು ಭಾಗ ಕೆಂಪಾಗಿ ನೋವು ಇದ್ದರೆ ಅದು ಸೋಂಕು ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಮೂರು ತಿಂಗಳ ಮಗಳು ರಾತ್ರಿ ಮೂರು ಗಂಟೆಗೊಮ್ಮೆ ಏಳುತ್ತಾಳೆ. ಸರಿ ತಿನ್ನಿಸಿ, ಜಾಯಿಕಾಯಿ ತೇಯ್ದು ನೆಕ್ಕಿಸಿದರೆ ಒಂದೇ ನಿದ್ದೆ ಮಾಡುತ್ತಾಳೆ ಎನ್ನುತ್ತಾರೆ. ಕೊಡಬಹುದೇ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಎರಡೂ ಬೇಡ. ಈ ವಯಸ್ಸಿನಲ್ಲಿ ರಾತ್ರಿ ಹಾಲು ಕಡಿಮೆ ಮಾಡುವ ಪ್ರಶ್ನೆಯೇ ಇಲ್ಲ. ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಹೆಚ್ಚು. ಆಗ ಕುಡಿಸುವುದನ್ನು ಬಿಟ್ಟರೆ ಹಗಲಿನ ಹಾಲೂ ಇಳಿಯುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಜಾಯಿಕಾಯಿ ಎಳೆ ಮಗುವಿಗೆ ವಿಷವಾಗಬಲ್ಲದು. ಅದರಿಂದ ಬರುವುದು ಮಂಪರು, ಒಳ್ಳೆಯ ನಿದ್ದೆಯಲ್ಲ. ಕೆಲವರು ನಿದ್ದೆಗೆಂದು ಶೀತದ ಸಿರಪ್ಪನ್ನೇ ಕೊಡುತ್ತಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲೇ ಸೂಚಿಸಿದೆ. ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದ್ದರೆ ಎಲ್ಲವೂ ಸರಿಯಾಗಿದೆ. ನಿದ್ದೆ ಬೇಕಾಗಿರುವುದು ತಾಯಿಗೆ. ಹಾಲು ಕುಡಿಸುವುದೊಂದನ್ನು ಬಿಟ್ಟು, ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದನ್ನೆಲ್ಲ ಮನೆಯ ಉಳಿದವರು ವಹಿಸಿಕೊಳ್ಳಬೇಕು.

ಪ್ರಶ್ನೆ: ಹದಿನಾಲ್ಕು ತಿಂಗಳ ಮಗ ರಾತ್ರಿ ಎರಡು ಸಲ ಬಾಟಲಿ ತುಂಬ ಹಸುವಿನ ಹಾಲು ಕುಡಿಯುತ್ತಾನೆ. ಹಗಲು ಊಟ ಮುಟ್ಟುವುದಿಲ್ಲ.
– ಒಬ್ಬ ತಂದೆ, ಶಿರಸಿ

ಉತ್ತರ: ಊಟ ಮುಟ್ಟದಿರುವುದಕ್ಕೆ ಬಾಟಲಿಯೇ ಕಾರಣವಿರಬಹುದು. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಅದನ್ನೇ ನೆಚ್ಚಿಕೊಂಡ ಮಕ್ಕಳಿಗೆ ರಕ್ತಹೀನತೆ ಬರುತ್ತದೆ. ದಿನದ ಒಟ್ಟು ಹಾಲು ಅರ್ಧ ಲೀಟರ್ ದಾಟದಿರಲಿ. ರಾತ್ರಿ ಬಾಟಲಿಯಲ್ಲಿ ಎರಡು ದಿನಕ್ಕೊಮ್ಮೆ 20–30 ಮಿಲಿ ಕಡಿಮೆ ಮಾಡುತ್ತ, 60 ಮಿಲಿಗೆ ಬಂದಾಗ ನಿಲ್ಲಿಸಬಹುದು. ಇನ್ನೊಂದು ಕೆಲಸ: ಮಗುವಿನ ಮೇಲ್ತುಟಿ ಎತ್ತಿ ನೋಡಬೇಕು. ಮುಂದಿನ ಹಲ್ಲುಗಳ ಬುಡದಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ ಎಂದರ್ಥ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಾಲಿನ ಸಕ್ಕರೆ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ರಾತ್ರಿ ಹಲ್ಲುಜ್ಜಿಸಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಪ್ರಶ್ನೆ: ಮಗುವಿಗೆ ಏಳು ತಿಂಗಳು. ನನಗಿನ್ನೂ ಮುಟ್ಟಾಗಿಲ್ಲ. ಈಗ ರಾತ್ರಿ ಹಾಲು ಕಡಿಮೆ ಮಾಡಿದ್ದೇನೆ. ಮುಟ್ಟಾಗುವವರೆಗೆ ಗರ್ಭ ನಿಲ್ಲುವುದಿಲ್ಲವೇ?
– ಹೆಸರು ಬೇಡ, ಮೈಸೂರು

ಉತ್ತರ: ನಿಲ್ಲಬಹುದು. ಎದೆಹಾಲಿನಿಂದ ರಕ್ಷಣೆ ಸಿಗಬೇಕಾದರೆ ಮೂರು ಷರತ್ತುಗಳಿವೆ: ಮಗು ಆರು ತಿಂಗಳೊಳಗಿನದಾಗಿರಬೇಕು, ಎದೆಹಾಲು ಬಿಟ್ಟು ಬೇರೆ ಆಹಾರ ಇರಬಾರದು, ಮುಟ್ಟು ಬಂದಿರಬಾರದು. ಹಾಲಿನ ನಡುವಿನ ಅಂತರವೂ ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆ ಮೀರಬಾರದು. ಇವರಿಗೆ ಮೊದಲ ಷರತ್ತೇ ಮುಗಿದಿದೆ. ಮೊದಲ ಮುಟ್ಟಿಗಿಂತ ಮುಂಚೆಯೇ ಅಂಡ ಬಿಡುಗಡೆಯಾಗಬಹುದಾದ್ದರಿಂದ ಮುಟ್ಟಿಗಾಗಿ ಕಾಯುವುದು ಸರಿಯಲ್ಲ. ಈಗಾಗಲೇ ಸಂಶಯವಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಕೊಳ್ಳಬೇಕು. ಹಾಲುಣಿಸುವ ತಾಯಂದಿರಿಗೆ ಕಾಪರ್-ಟಿ, ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಹೊಂದುತ್ತವೆ. ಇವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಯಾವುದು ಸರಿ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳುತ್ತಾರೆ. ಮಗುವಿಗೆ ಲಸಿಕೆ ಹಾಕಿಸಲು ಹೋದ ದಿನವೇ ಇದನ್ನೂ ಕೇಳಿಕೊಂಡು ಬರಬಹುದು.