ಸರಪಳಿ ಬಿಗಿ ಹಿಡೀರಿ!

ನಾವು ಜಮೀನು ಅಳೆಯುವ ಕೆಲಸ ಮಾಡಿದವರು. ನಮಗೆ ಕೆಲಸ ಕಲಿಸಿದವರು ಒಬ್ಬ ಹಿರಿಯ ಸರ್ವೆಯರು. ಅವರು ಈಗ ಇಲ್ಲ. ಅವರ ಮಾತು ನಮ್ಮ ಕಿವಿಯಲ್ಲಿದೆ. "ಸರಪಳಿ ಬಿಗಿ ಹಿಡೀರಿ!"

ಆಗ ಕಬ್ಬಿಣದ ಸರಪಳಿಯಿಂದ ಅಳೆಯುತ್ತಿದ್ದೆವು. ಅದರ ಉದ್ದ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ 1 ಗುಂಟೆ. 40 ಗುಂಟೆಗೆ 1 ಎಕರೆ.

ಒಂದು ಸಲ ಗಂಡ ತೀರಿಕೊಂಡ ಒಬ್ಬ ಅಕ್ಕನ ಹೊಲ ಅಳೆದೆವು. ಪಹಣಿಯಲ್ಲಿ 20 ಗುಂಟೆ ಇತ್ತು. ಉದ್ದ 5 ಸರಪಳಿ. ಅಗಲ 4 ಸರಪಳಿ, ಅಂದರೆ 132 ಅಡಿ. ಬಿಸಿಲು ಜೋರಾಗಿತ್ತು. ನಮ್ಮ ಕೈ ಸಡಿಲವಾಯಿತು. "ಎಲ್ಲಾ ಸರಿ ಇದೆ" ಅಂದುಬಿಟ್ಟೆವು.

ಅವರು ಬೈಯಲಿಲ್ಲ. "ಸರಪಳಿ ಜೋತುಬಿದ್ದರೆ ಇಲ್ಲದ ನೆಲವೂ ಇದ್ದ ಹಾಗೆ ಕಾಣುತ್ತೆ. ಮತ್ತೆ ಅಳೀರಿ" ಅಂದರು.

ಮತ್ತೆ ಅಳೆದೆವು. ಉದ್ದದಲ್ಲಿ 1 ಅಡಿ ಕಡಿಮೆ ಬಂತು. ಪಕ್ಕದ ಹೊಲದವರು ಬದು ಒತ್ತಿದ್ದರು. ಒಂದಡಿ ಏನು ಮಹಾ ಅನ್ನಬೇಡಿ. 132 ಅಡಿ ಅಗಲಕ್ಕೂ ಒಂದಡಿ! ಒಂದು ಕೋಣೆ ಕಟ್ಟುವಷ್ಟು ನೆಲ.

ಆ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಲು ಕೈ ಚಾಚಿದಳು. "ತಡಿ ತಾಯಿ, ಮೊದಲು ಕೇಳು" ಅಂದರು ನಮ್ಮ ಹಿರಿಯರು. ಕಾಗದದಲ್ಲಿ ಇದ್ದದ್ದನ್ನೆಲ್ಲ ಓದಿ ಹೇಳಿದರು. ಆಮೇಲೆಯೇ ಹೆಬ್ಬೆಟ್ಟು ಹಾಕಿಸಿದರು.

ಈಗ ಅಳೆಯಲು ಯಂತ್ರ ಬಂದಿದೆ. ಆದರೆ ಪಹಣಿ ಓದಬೇಕಾದವರು ನಾವೇ. ಅಕ್ಕಾ, ನಿಮಗೆ ಈಗ ಅಕ್ಷರ ಗೊತ್ತು. ಓದದೆ ಸಹಿ ಹಾಕಬೇಡಿ.

ಮಾಡಿ ನೋಡಿ

1. ಅರ್ಧ ಎಕರೆಗೆ ಎಷ್ಟು ಗುಂಟೆ?
2. ನಿಮ್ಮ ಮನೆಯ ಪಹಣಿ ತೆಗೆಯಿರಿ. ಅದರಲ್ಲಿ ಯಾರ ಹೆಸರಿದೆ? ಸರ್ವೆ ನಂಬರು ಎಷ್ಟು? ಓದಿ ಹೇಳಿ.