ದನದ ಕೊಟ್ಟಿಗೆಯಿಂದ ವಿಶ್ವವಿದ್ಯಾಲಯಕ್ಕೆ: ಪಶುವಿಜ್ಞಾನದ ಓದು ಮತ್ತು ಉದ್ಯೋಗ



ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಸಂಘಗಳ ಸಭೆಯಲ್ಲಿ ಉಳಿತಾಯ, ಸಾಲದ ಮಾತಿಗಿಂತ ಮಕ್ಕಳ ಮಾತೇ ಜಾಸ್ತಿ. "ಸಿಸ್ಟರ್, ಮಗಳಿಗೆ ಏನು ಓದಿಸೋದು?" ಎಂದು ಕೇಳುವವರಿಗೆ ಉತ್ತರವೂ ಪಕ್ಕದಲ್ಲೇ ಸಿದ್ಧವಿರುತ್ತದೆ: ನರ್ಸಿಂಗ್, ಬಿ.ಎಡ್., ಇಲ್ಲವೇ ಕಂಪ್ಯೂಟರ್. ಒಮ್ಮೆ ಒಬ್ಬ ಸದಸ್ಯೆ ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ನಮ್ಮ ಹುಡುಗಿಗೆ ದನದ ಡಾಕ್ಟರ್ ಆಗ್ಬೇಕಂತೆ. ಹೆಣ್ಣು ಹುಡುಗಿ ಕೊಟ್ಟಿಗೆ ಕೊಟ್ಟಿಗೆ ತಿರುಗೋದಾ ಅಂತ ಮನೇಲಿ ಬೈತಿದಾರೆ."

ಸುತ್ತ ಕುಳಿತವರು ನಕ್ಕರು. ಆದರೆ ಯೋಚಿಸಿ ನೋಡಿ. ಬೆಳಗಿನ ಜಾವ ಎದ್ದು ಸಗಣಿ ಬಾಚುವವರು ಯಾರು? ಹಾಲು ಕರೆಯುವವರು, ಹುಲ್ಲು ಹೊರುವವರು, ಕರುವಿಗೆ ಗಿಣ್ಣು ಹಾಲು ಕುಡಿಸುವವರು, ಹಸು ಮೇವು ಬಿಟ್ಟರೆ ಮೊದಲು ಗುರುತಿಸುವವರು ಯಾರು? ಇಷ್ಟೆಲ್ಲ ಹೆಂಗಸರ ಕೆಲಸವಾಗಿದ್ದು, ಅದೇ ಕೆಲಸ ಓದು ಮತ್ತು ಸಂಬಳದ ರೂಪದಲ್ಲಿ ಬಂದಾಗ ಮಾತ್ರ ಗಂಡಸರದ್ದು ಹೇಗಾಯಿತು? ಈ ಪ್ರಶ್ನೆಗೆ ಆ ದಿನ ಯಾರೂ ಉತ್ತರ ಕೊಡಲಿಲ್ಲ. ಅದಕ್ಕಾಗಿ ಈ ಸಲದ ಪಾಠ ಪಶುವಿಜ್ಞಾನದ ಬಗ್ಗೆ.

ಇದು ಇಂಜೆಕ್ಷನ್ ಕೊಡುವುದಷ್ಟೇ ಅಲ್ಲ

ಪಶುವಿಜ್ಞಾನ ಎಂದರೆ ಕಾಯಿಲೆಗೆ ಮದ್ದು ಕೊಡುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಅದು ಒಂದು ಭಾಗ ಮಾತ್ರ. ಪ್ರಾಣಿಯ ತಳಿ, ಆಹಾರ, ಗರ್ಭಧಾರಣೆ, ವಸತಿ, ಅದರಿಂದ ಸಿಗುವ ಹಾಲು, ಮೊಟ್ಟೆ, ಮಾಂಸದ ಶುದ್ಧತೆ, ಮಾರುಕಟ್ಟೆ ಇವೆಲ್ಲವೂ ಇದರಲ್ಲಿ ಸೇರುತ್ತವೆ.

ನಿಮಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ಎಷ್ಟೋ ಸಂಘಗಳ ಸದಸ್ಯೆಯರು ಗಿರಿರಾಜ ಕೋಳಿ ಸಾಕಿದ್ದಾರೆ. ಈ ಕೋಳಿ ಕಾಡಿನಿಂದ ಬಂದದ್ದಲ್ಲ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ಹಿತ್ತಿಲಿನ ಸಾಕಣೆಗೆಂದೇ ಬೆಳೆಸಿದ ತಳಿ. "ನಮ್ಮ ಗಿರಿರಾಜನ ಮೊಟ್ಟೆಯನ್ನೇ ಕಾವಿಗೆ ಇಟ್ಟೆವು, ಮರಿ ತಾಯಿಯ ಹಾಗೆ ಬರಲೇ ಇಲ್ಲ" ಎಂದು ಹಲವರು ದೂರುತ್ತಾರೆ. ಬರುವುದಿಲ್ಲ. ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಕೋಳಿ ಅದು. ಅದರ ಒಳ್ಳೆಯ ಗುಣಗಳು ಮುಂದಿನ ತಲೆಮಾರಿನಲ್ಲಿ ಚದುರಿ ಹೋಗುತ್ತವೆ. ಅದಕ್ಕೇ ಪ್ರತಿ ಸಲ ಮರಿಯನ್ನು ಹ್ಯಾಚರಿಯಿಂದಲೇ ತರಬೇಕು. ಪಶುವಿಜ್ಞಾನದ ವಿದ್ಯಾರ್ಥಿ 'ತಳಿ ಶಾಸ್ತ್ರ' ಎಂಬ ವಿಷಯದಲ್ಲಿ ಓದುವುದು ಇದನ್ನೇ.

ಇನ್ನೊಂದು: ಹಸು ಐದಾರು ತಿಂಗಳಿನ ನಂತರ ಗರ್ಭ ಕಳೆದುಕೊಂಡರೆ ನಾವು ದೃಷ್ಟಿ ತಾಗಿತು ಎನ್ನುತ್ತೇವೆ, ಬಿದ್ದ ಮಾಸನ್ನು ಬರಿಗೈಯಲ್ಲಿ ಎತ್ತಿ ಎಸೆಯುತ್ತೇವೆ. ಅದು ಬ್ರುಸೆಲ್ಲೋಸಿಸ್ ಎಂಬ ಕಂದು ಹಾಕುವ ರೋಗ ಇರಬಹುದು. ಅದು ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಸುಸ್ತು. ಹಸಿ ಹಾಲಿನಿಂದಲೂ ಹರಡುತ್ತದೆ. ಇದಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದು ಸಲ ಲಸಿಕೆ ಹಾಕುತ್ತಾರೆ. ಕಾಲುಬಾಯಿ ಜ್ವರ ಮತ್ತು ಈ ರೋಗವನ್ನು ತಡೆಯಲು ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಆರಂಭಿಸಿತು. 2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮ ರಾಜ್ಯದಲ್ಲೂ ಸಾವಿರಾರು ದನಗಳು ಸತ್ತದ್ದನ್ನು ನೀವು ಮರೆತಿರಲಾರಿರಿ. ಆಗ ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಕೊಟ್ಟು ರೋಗ ತಡೆಯಲು ಪ್ರಯತ್ನಿಸಿದರು. ಎರಡೂ ರೋಗಾಣುಗಳು ಒಂದೇ ಕುಟುಂಬದವು ಎಂದು ತಿಳಿದವರು ಇದ್ದುದರಿಂದ ಅದು ಸಾಧ್ಯವಾಯಿತು. ಓದು ಅಂದರೆ ಇದು.

ಎಲ್ಲಿ ಓದುವುದು, ಎಷ್ಟು ವರ್ಷ

ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ: ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. 2004ರ ಕಾಯ್ದೆಯ ಮೂಲಕ ಹುಟ್ಟಿದ್ದು. ಅದಕ್ಕೆ ಮುಂಚೆ ಈ ಕಾಲೇಜುಗಳು ಕೃಷಿ ವಿಶ್ವವಿದ್ಯಾಲಯಗಳ ಕೈಕೆಳಗೆ ಇದ್ದವು. ಹೆಬ್ಬಾಳದ ಕಾಲೇಜು 1958ರದ್ದು, ಎಲ್ಲಕ್ಕಿಂತ ಹಳೆಯದು. ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಯಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ.

ಮುಖ್ಯ ಪದವಿಯ ಹೆಸರು ಬಿ.ವಿ.ಎಸ್ಸಿ. ಅಂಡ್ ಎ.ಎಚ್. 'ಎ.ಎಚ್.' ಅಂದರೆ ಪಶುಸಂಗೋಪನೆ. ಕೆಲವು ದೇಶಗಳಲ್ಲಿ ಪಶುವೈದ್ಯವೇ ಬೇರೆ, ಪಶುವಿಜ್ಞಾನವೇ ಬೇರೆ ಪದವಿ. ನಮ್ಮಲ್ಲಿ ಎರಡನ್ನೂ ಒಂದೇ ಪದವಿಯಲ್ಲಿ ಸೇರಿಸಿದ್ದಾರೆ. ಒಟ್ಟು ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಅಂದರೆ ಆಸ್ಪತ್ರೆ, ಫಾರ್ಮ್‌ಗಳಲ್ಲಿ ಕೆಲಸ ಮಾಡುತ್ತಾ ಕಲಿಯುವುದು. ಆಗ ಸ್ವಲ್ಪ ಭತ್ಯೆಯೂ ಸಿಗುತ್ತದೆ. ಮುಂದೆ ಓದುವವರಿಗೆ ಎಂ.ವಿ.ಎಸ್ಸಿ. ಎರಡು ವರ್ಷ.

ಓದು ಸುಲಭ ಎಂದು ನಾನು ಹೇಳುವುದಿಲ್ಲ. ಪಾಠವೆಲ್ಲ ಇಂಗ್ಲಿಷ್‌ನಲ್ಲಿ. ಹಸು, ಕುದುರೆ, ನಾಯಿ, ಹಂದಿ, ಕೋಳಿ ಹೀಗೆ ಒಂದೊಂದರ ಎಲುಬಿನ ಹೆಸರನ್ನೂ ಕಲಿಯಬೇಕು. ಮನುಷ್ಯರ ಡಾಕ್ಟರಿಗೆ ಒಂದೇ ಜಾತಿಯ ರೋಗಿ, ಇವರಿಗೆ ಹತ್ತು ಜಾತಿ, ಅದೂ ಬಾಯಿ ಬಿಟ್ಟು ನೋವು ಹೇಳದ ರೋಗಿಗಳು! ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ವರ್ಷ ಕಷ್ಟ. ಹಾಸ್ಟೆಲ್‌ನಲ್ಲಿ ಅತ್ತು ಫೋನ್ ಮಾಡಿದರೆ "ಬಂದುಬಿಡು ಮಗಳೇ" ಅನ್ನಬೇಡಿ. ಒಂದು ವರ್ಷ ತಡೆದುಕೊಂಡವರು ಸಾಮಾನ್ಯವಾಗಿ ಗೆಲ್ಲುತ್ತಾರೆ.

ರಕ್ತ, ಸಗಣಿ ಕಂಡರೆ ಆಗದವರಿಗೆ ಇದೇ ವಿಶ್ವವಿದ್ಯಾಲಯದಲ್ಲಿ ಬೇರೆ ದಾರಿಗಳಿವೆ. ಹಾಲಿನ ಸಂಸ್ಕರಣೆ, ಯಂತ್ರ, ಗುಣಮಟ್ಟ ಕಲಿಯುವ ಡೇರಿ ಟೆಕ್ನಾಲಜಿ ಬಿ.ಟೆಕ್. ನಾಲ್ಕು ವರ್ಷ (ಹೆಬ್ಬಾಳದಲ್ಲಿ, ಕಲಬುರಗಿ ಜಿಲ್ಲೆಯ ಮಹಾಗಾಂವ್‌ನಲ್ಲಿ). ಮೀನುಗಾರಿಕೆ ಪದವಿಯೂ ನಾಲ್ಕು ವರ್ಷ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಡೆಯುತ್ತಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಜಾಸ್ತಿ ವರ್ಷ ಓದಿಸಲು ಆಗದ ಮನೆಯವರಿಗೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ತಿಪಟೂರು ತಾಲೂಕಿನ ಕೊನೇಹಳ್ಳಿ, ಹಾವೇರಿ ಜಿಲ್ಲೆಯ ಶಿಗ್ಗಾಂವಿ ಮುಂತಾದ ಕಡೆ ಇದರ ಪಾಲಿಟೆಕ್ನಿಕ್‌ಗಳಿವೆ. ಒಂದು ಮಾತು ನೆನಪಿರಲಿ: ಡಿಪ್ಲೊಮಾ ಮಾಡಿದವರು ಪಶುವೈದ್ಯರಲ್ಲ, ಸಹಾಯಕರು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆ ಪ್ರಕಾರ, ಪದವಿ ಪಡೆದು ನೋಂದಣಿ ಮಾಡಿಸಿದವರು ಮಾತ್ರ ಪಶುವೈದ್ಯರಾಗಿ ಚಿಕಿತ್ಸೆ ನೀಡಬಹುದು.

ಸೀಟು ಸಿಗುವುದು ಹೇಗೆ

ಇಲ್ಲಿಯೇ ನಮ್ಮ ಮಕ್ಕಳು ಎಡವುವುದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಲೇಬೇಕು. ಕಾಮರ್ಸ್ ತೆಗೆದುಕೊಂಡು ಎರಡನೇ ವರ್ಷದಲ್ಲಿ "ಸಿಸ್ಟರ್, ವೆಟರ್ನರಿಗೆ ಹೋಗಬಹುದಾ?" ಎಂದು ಕೇಳಿದರೆ ದಾರಿ ಇಲ್ಲ. ಆದ್ದರಿಂದ ತೀರ್ಮಾನ ಆಗಬೇಕಾದದ್ದು ಹತ್ತನೇ ತರಗತಿ ಮುಗಿದ ಕೂಡಲೇ.

ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರ ಸಿಇಟಿ ಬರೆಯಬೇಕು. ದೇಶದ ಎಲ್ಲ ಪಶುವೈದ್ಯ ಕಾಲೇಜುಗಳ ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾ, ಅದಕ್ಕೆ ನೀಟ್ ಅಂಕ ಬೇಕು. ನಿಯಮಗಳು ವರ್ಷ ವರ್ಷ ತುಸು ಬದಲಾಗುವುದುಂಟು. ಆದ್ದರಿಂದ ಎರಡಕ್ಕೂ ಅರ್ಜಿ ಹಾಕಿಸಿ, ಆ ವರ್ಷದ ಕೈಪಿಡಿಯನ್ನು ಮಗಳ ಜೊತೆ ಕೂತು ಓದಿ. ಓದಲು ಬಾರದಿದ್ದರೆ ಅವಳಿಂದ ಓದಿಸಿ ಕೇಳಿ.

ನಿಮ್ಮಂಥ ಕೃಷಿಕ ಕುಟುಂಬಗಳಿಗೆ ಇಲ್ಲೊಂದು ದೊಡ್ಡ ಅವಕಾಶ ಇದೆ. ರೈತರ ಮಕ್ಕಳಿಗೆ ಕೃಷಿಕ ಕೋಟಾ ಎಂದು ಸೀಟು ಮೀಸಲಿಟ್ಟಿದ್ದಾರೆ. ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಬೇಸಾಯದ ಸಲಕರಣೆಯಂಥವನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಹೊಲ ಕೊಟ್ಟಿಗೆಯಲ್ಲಿ ಕೆಲಸ ಮಾಡಿ ಬೆಳೆದ ಮಗುವಿಗೆ ಇದು ಸುಲಭ. ಆದರೆ "ನೀನು ಓದ್ಕೋ, ಕೊಟ್ಟಿಗೆಗೆ ಬರಬೇಡ" ಎಂದು ಬೆಳೆಸಿದ ರೈತರ ಮಕ್ಕಳು ರಾಗಿ ತೆನೆ, ನವಣೆ ತೆನೆ ಗೊತ್ತಾಗದೆ ನಿಲ್ಲುವುದನ್ನು ಕೇಳಿದ್ದೇನೆ. ಅದಲ್ಲದೆ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ಪ್ರಕಾರ ಬೇರೆ ಮೀಸಲಾತಿ.

ಇವೆಲ್ಲಕ್ಕೂ ಕಾಗದ ಬೇಕು. ಜಮೀನಿನ ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಶಾಲೆಯಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರ. ಪಹಣಿ ಅಜ್ಜನ ಹೆಸರಲ್ಲೇ ಉಳಿದಿದ್ದರೆ ಈಗಲೇ ವಿಚಾರಿಸಿ, ಅರ್ಜಿ ಹಾಕುವ ಕೊನೆಯ ವಾರದಲ್ಲಿ ಅಲ್ಲ. ಅಂಕ ಇದ್ದೂ ಒಂದು ಕಾಗದ ಇಲ್ಲದೆ ಸೀಟು ಕಳೆದುಕೊಂಡವರ ಕಣ್ಣೀರು ನೋಡುವುದು ಬಹಳ ಸಂಕಟ.

ಖರ್ಚು

ಸರ್ಕಾರಿ ಸೀಟಾದರೆ ಶುಲ್ಕ ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಕಡಿಮೆ. ಹಾಸ್ಟೆಲ್, ಊಟ, ಪುಸ್ತಕ ಸೇರಿ ಐದೂವರೆ ವರ್ಷ ನಡೆಯಬೇಕಲ್ಲ, ಅದಕ್ಕೆ ಯೋಜನೆ ಬೇಕು. ವಿದ್ಯಾರ್ಥಿವೇತನಕ್ಕೆ ಪ್ರತಿ ವರ್ಷ ಮರೆಯದೆ ಅರ್ಜಿ ಹಾಕಿಸಿ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ, ತಂದೆತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದ ಮೇಲೆ ಕಂತು ಶುರು.

ಸಂಘದ ಆಂತರಿಕ ಸಾಲವನ್ನು ಇಡೀ ಓದಿಗೆ ನಂಬಬೇಡಿ ಎಂಬುದು ನನ್ನ ಅಭಿಪ್ರಾಯ. ಅದು ತಿಂಗಳು ತಿಂಗಳು ತೀರಿಸುವ ಸಾಲ. ಓದು ಹಣ ತರುವುದು ಆರು ವರ್ಷದ ಮೇಲೆ. ಸೀಟು ಸಿಕ್ಕ ವಾರ ಕಟ್ಟಬೇಕಾದ ಮೊದಲ ಶುಲ್ಕಕ್ಕೆ, ಬಸ್ ಚಾರ್ಜಿಗೆ ಸಂಘದ ಸಾಲ ಸರಿ. ಉಳಿದದ್ದಕ್ಕೆ ಬ್ಯಾಂಕು.

ಏಜೆಂಟರ ಬಗ್ಗೆ ಎಚ್ಚರ. "ಆರು ತಿಂಗಳಲ್ಲಿ ವೆಟರ್ನರಿ ಡಾಕ್ಟರ್ ಸರ್ಟಿಫಿಕೇಟ್" ಎಂದು ಚೀಟಿ ಹಂಚುವವರಿದ್ದಾರೆ. ಹಣ ಕೊಡುವ ಮುಂಚೆ ಆ ಕಾಲೇಜಿಗೆ ಭಾರತೀಯ ಪಶುವೈದ್ಯ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ.

ಓದಿದ ಮೇಲೆ ಕೆಲಸ

ಎಲ್ಲರ ಕಣ್ಣು ಸರ್ಕಾರಿ ಪಶುವೈದ್ಯಾಧಿಕಾರಿ ಹುದ್ದೆಯ ಮೇಲೆ. ಅದು ಒಳ್ಳೆಯದೇ, ಆದರೆ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ಅದೊಂದನ್ನೇ ಕಾಯುತ್ತಾ ಕೂರಬಾರದು. ಕೆಎಂಎಫ್‌ನ ಜಿಲ್ಲಾ ಹಾಲು ಒಕ್ಕೂಟಗಳಿಗೆ ಪಶುವೈದ್ಯರೂ ಬೇಕು, ಡೇರಿ ತಂತ್ರಜ್ಞರೂ ಬೇಕು. ನೀವು ಬೆಳಿಗ್ಗೆ ಡೇರಿಗೆ ಹಾಕುವ ಹಾಲಿನ ಜಿಡ್ಡು ಅಳೆಯುವುದರಿಂದ ಹಿಡಿದು ನಂದಿನಿ ಪ್ಯಾಕೆಟ್ ಆಗುವವರೆಗೆ ಓದಿದವರ ಕೈ ಇದೆ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಪಶುವೈದ್ಯ, ಡೇರಿ, ಮೀನುಗಾರಿಕೆ ಪದವೀಧರರೂ ಅರ್ಜಿ ಹಾಕಬಹುದು. ನಿಮ್ಮ ಹಸು ಸಾಲದ ಕಡತ ನೋಡುವ ಆ ಕುರ್ಚಿಯಲ್ಲಿ ಕೊಟ್ಟಿಗೆ ಗೊತ್ತಿರುವ ಹೆಣ್ಣುಮಗಳು ಕೂತರೆ ಎಷ್ಟು ಚೆನ್ನ! ಪಶು ಆಹಾರ, ಲಸಿಕೆ, ಔಷಧ, ಕೋಳಿ ಕಂಪನಿಗಳು, ಜಾನುವಾರು ವಿಮೆ, ಮೃಗಾಲಯ, ಪಟ್ಟಣದಲ್ಲಿ ಸ್ವಂತ ಕ್ಲಿನಿಕ್ ಇವೂ ಇವೆ.

ಸಂಶೋಧನೆಗೆ ಹೋಗುವವರಿಗೆ ಬೆಂಗಳೂರು ದೊಡ್ಡ ಕೇಂದ್ರ. ಆಡುಗೋಡಿಯಲ್ಲಿ ಪಶು ಆಹಾರ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆ, ಯಲಹಂಕದಲ್ಲಿ ಪಶುರೋಗಗಳ ಲೆಕ್ಕ ಇಡುವ ರಾಷ್ಟ್ರೀಯ ಸಂಸ್ಥೆ ಇವೆ. ಆಡುಗೋಡಿಯಲ್ಲೇ ಇರುವ ಹಳೆಯ ಡೇರಿ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಬಂದು ಹಸು ಸಾಕಣೆ ಕಲಿತಿದ್ದರು. ಕ್ಷೀರಕ್ರಾಂತಿಯ ವರ್ಗೀಸ್ ಕುರಿಯನ್ ಅವರೂ ಎಳೆಯ ವಯಸ್ಸಿನಲ್ಲಿ ಅಲ್ಲಿ ಕೆಲವು ತಿಂಗಳು ತರಬೇತಿಗಿದ್ದರು.

ಇನ್ನು ರಾತ್ರಿ ಹೊತ್ತಿನ ಕರೆ, ಕಷ್ಟದ ಹೆರಿಗೆ, ಒದೆಯುವ ದನ. "ಇದಕ್ಕೆ ಶಕ್ತಿ ಬೇಡವಾ ಸಿಸ್ಟರ್?" ಎಂದು ಕೇಳುತ್ತೀರಿ. ಬೇಕು. ಆದರೆ ಅಡ್ಡ ತಿರುಗಿದ ಕರುವನ್ನು ಹೊರಗೆ ತರುವುದು ಎಳೆಯುವ ಬಲದಿಂದಲ್ಲ, ಒಳಗೆ ಕೈ ಹಾಕಿ ಅದನ್ನು ಸರಿಯಾಗಿ ತಿರುಗಿಸುವ ಜಾಣತನದಿಂದ. ಈಗ ಈ ಕಾಲೇಜುಗಳ ತರಗತಿಯಲ್ಲಿ ಹುಡುಗಿಯರ ಸಂಖ್ಯೆಯೂ ಚೆನ್ನಾಗಿಯೇ ಇದೆ.

ಓದುವ ವಯಸ್ಸು ದಾಟಿದ ಸದಸ್ಯೆಯರಿಗೂ ಸಂಜೀವಿನಿ ಒಕ್ಕೂಟದಲ್ಲಿ 'ಪಶು ಸಖಿ' ತರಬೇತಿ ಇದೆ. ಜಂತು ಔಷಧಿ, ಪ್ರಥಮ ಚಿಕಿತ್ಸೆ, ಲಸಿಕೆ ಶಿಬಿರದ ಮಾಹಿತಿ ಕೊಡುವ ಕೆಲಸ. ದನಕ್ಕೆ ತುರ್ತು ಚಿಕಿತ್ಸೆ ಬೇಕಾದರೆ ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962 ಸಂಖ್ಯೆಗೆ ಕರೆ ಮಾಡಿ. ಗಾಡಿ ಬಂದಾಗ ಮಕ್ಕಳನ್ನು ಒಳಗೆ ಅಟ್ಟಬೇಡಿ, ಹತ್ತಿರ ನಿಂತು ನೋಡಲು ಬಿಡಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ 8ರಿಂದ 10ನೇ ತರಗತಿ ಓದುವ ಹೆಣ್ಣುಮಕ್ಕಳು ಎಷ್ಟು ಜನ? ಯಾರಿಗೆ ವಿಜ್ಞಾನದಲ್ಲಿ ಆಸಕ್ತಿ ಇದೆ? ಅವರನ್ನೇ ಕೇಳಿ ಬರೆದುಕೊಳ್ಳಿ.

2. ಪಹಣಿ, ಜಾತಿ ಆದಾಯ ಪತ್ರ ಯಾರ ಮನೆಯಲ್ಲಿ ಸರಿ ಇಲ್ಲ?

3. ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಸಭೆಗೆ ಕರೆಯಲು ಯಾರು ಹೋಗಿ ಬರುತ್ತೀರಿ? ಎಂದು?